ಅಳಿಯಕಟ್ಟಿನ ಹೆಸರಿನಲ್ಲಿ ಹೆಂಡತಿ ಮಕ್ಕಳನ್ನು ಹೊರಗಿಡಬೇಡಿ

ಪಡುಬಿದ್ರಿಯಿಂದ ಕಾರ್ಕಳದವರೆಗೆ ಎಷ್ಟೋ ಮನೆಗಳ ಬೊಜ್ಜದಲ್ಲಿ (ಉತ್ತರಕ್ರಿಯೆಯಲ್ಲಿ) ಊಟ ಮುಗಿದ ಮೇಲೆ ಚಪ್ಪರದಡಿ ಈ ಮಾತು ಬರುತ್ತದೆ: "ನಮ್ಮದು ಅಳಿಯಕಟ್ಟು. ಮಾವನದ್ದು ಅಳಿಯಂದಿರಿಗೆ. ಹೆಂಡತಿ ಮಕ್ಕಳಿಗೆ ಹಕ್ಕಿಲ್ಲ." ಹೇಳುವವರು ಹಿರಿಯರು. ಕೇಳುವವಳು ಮೊನ್ನೆಯಷ್ಟೇ ಗಂಡನನ್ನು ಕಳೆದುಕೊಂಡವಳು, ನಂಬಿಬಿಡುತ್ತಾಳೆ. ಅದು ಶುದ್ಧ ಸುಳ್ಳು, 1956ರಿಂದಲೂ ಸುಳ್ಳು.

ಆ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಕಟ್ಟಿನವರನ್ನು, ಅಂದರೆ ಅಳಿಯಸಂತಾನದವರನ್ನು, ಹೆಸರು ಹೇಳಿಯೇ ಒಳಗೆ ತಂದಿದೆ. ವೀಲುನಾಮೆ ಬರೆಯದೆ ಗಂಡಸು ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೆ, ತಾಯಿಗೆ, ಪ್ರತಿಯೊಬ್ಬ ಮಗ ಮಗಳಿಗೆ ಸಮಪಾಲು. ಅಕ್ಕತಂಗಿಯರ ಮಕ್ಕಳು ಎರಡನೇ ವರ್ಗದ ವಾರಸುದಾರರು. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅವರ ಸರದಿ ಬರುವುದಿಲ್ಲ. ಕುಟುಂಬದ ಆಸ್ತಿಯಲ್ಲಿ ಅವನಿಗಿದ್ದ ಪಾಲಿಗೂ 7ನೇ ಸೆಕ್ಷನ್ ಪ್ರಕಾರ ಇದೇ ದಾರಿ. ಹಳೆಯ ಕಟ್ಟಿನ ಗುರುತು ಉಳಿದಿರುವುದು 17ನೇ ಸೆಕ್ಷನ್‌ನಲ್ಲಿ: ಅಳಿಯಸಂತಾನದ ಹೆಂಗಸು ತೀರಿಕೊಂಡರೆ ಅವಳ ಆಸ್ತಿ ಮೊದಲು ಮಕ್ಕಳಿಗೂ ತಾಯಿಗೂ, ಅವರಾರೂ ಇಲ್ಲದಿದ್ದರೆ ತಂದೆಗೂ ಗಂಡನಿಗೂ.

ಬರಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರಲಿ, ಗುತ್ತುಮನೆಯ ಯಜಮಾನಿಕೆಯಾದ ಗಡಿಯನ್ನು ಅಳಿಯನೇ ಹಿಡಿಯಲಿ, ದೈವದ ಮುಂದೆ ಅವನೇ ನಿಲ್ಲಲಿ. ಅದು ಸಂಪ್ರದಾಯ, ಅದಕ್ಕೆ ಗೌರವವಿದೆ. ಆದರೆ ಮುಂಬೈ ಹೋಟೆಲಿನಲ್ಲಿ ಹಗಲಿರುಳು ದುಡಿದು ಊರಲ್ಲಿ ಮಾಡಿದ ಹತ್ತು ಸೆಂಟ್ಸ್ ಜಾಗಕ್ಕೆ ಅದನ್ನು ತಂದು ಕಟ್ಟಬೇಡಿ. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ಹೆಂಡತಿಯ ಮತ್ತು ಎಲ್ಲ ಮಕ್ಕಳ ಹೆಸರಿದೆಯೇ ಎಂದು ಓದಿ ನೋಡಿಯೇ ಸಹಿ ಮಾಡಿ. ದುಃಖದ ದಿನಗಳಲ್ಲಿ ಯಾರೇ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೂ ಪೆನ್ನು ಮುಟ್ಟಬೇಡಿ.

ಉಳಿದವು ಚುಟುಕಾಗಿ. ಪಹಣಿಯಲ್ಲಿ ಹೆಸರು ಬಂದವನೊಬ್ಬನೇ ಒಡೆಯನಾಗುವುದಿಲ್ಲ, ಅದು ಕಂದಾಯದ ದಾಖಲೆ. ಬ್ಯಾಂಕ್ ಠೇವಣಿಯ ನಾಮಿನಿ ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು. ಷೇರಿನ ನಾಮಿನಿಯೂ ಮಾಲೀಕನಲ್ಲ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಿನ್ ಗೊತ್ತಿದೆ ಎಂದು ತೀರಿಕೊಂಡವರ ಖಾತೆಯಿಂದ ಎಟಿಎಂನಲ್ಲಿ ಹಣ ತೆಗೆಯುವಂತಿಲ್ಲ. ಮರಣ ನೋಂದಣಿಗೆ 21 ದಿನ ಮೀರಬಾರದು.

ಜಾಗ ಕೊಳ್ಳುವಾಗ ವಕೀಲರಿಗೆ ತೋರಿಸದೆ ಮುಂಗಡ ಕೊಡದ ನಾವು ಸಾವಿನ ಮನೆಯಲ್ಲಿ ಮಾತ್ರ ಬಾಯಿಮಾತನ್ನೇ ಕಾನೂನು ಎಂದುಕೊಳ್ಳುತ್ತೇವೆ. ಆ ಮಾತಿನಿಂದ ಯಾರಿಗೆ ಲಾಭ ಎಂದೂ ಯೋಚಿಸುವುದಿಲ್ಲ. ಹಿರಿಯರಿಗೆ ಮರ್ಯಾದೆ ಕೊಟ್ಟೇ ಕೇಳಿ: ಯಾವ ಕಾಯ್ದೆ, ಯಾವ ಸೆಕ್ಷನ್? ಉತ್ತರ ಬರದಿದ್ದರೆ ಆ ಮಾತನ್ನು ಅಲ್ಲೇ ಬಿಟ್ಟು ಮರುದಿನ ವಕೀಲರಲ್ಲಿಗೆ ಹೋಗಿ.