ಕರೆಂಟು ಕೊಡದ ರಿಯಾಕ್ಟರ್ ಯಾತಕ್ಕೆ?

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಅಣುವಿದ್ಯುತ್ ಸ್ಥಾವರವೇ ಇಲ್ಲವಂತೆ, ಆದರೂ ರಿಯಾಕ್ಟರ್ ಇದೆಯಂತೆ. ಅದರಿಂದೇನು ಕೆಲಸ?
— ನರಗುಂದದ ಓದುಗರು

ಉತ್ತರ: ಸಿಡ್ನಿ ಬಳಿಯ ಲ್ಯೂಕಾಸ್ ಹೈಟ್ಸ್‌ನಲ್ಲಿರುವ ಆ ರಿಯಾಕ್ಟರಿನ ಹೆಸರು 'ಓಪಲ್'. ಅದರಲ್ಲಿ 20 ಮೆಗಾವಾಟ್ ಶಾಖ ಹುಟ್ಟುತ್ತದೆ, ಆದರೆ ಅಲ್ಲಿನವರಿಗೆ ಬೇಕಾದದ್ದು ಶಾಖವಲ್ಲ, ನ್ಯೂಟ್ರಾನು. ಅದರ ನೆರವಿನಿಂದ ಮಾಲಿಬ್ಡಿನಂ-99 ತಯಾರಾಗುತ್ತದೆ. ಅದು ಕ್ಷಯಿಸುತ್ತ ಹೃದಯ, ಎಲುಬಿನ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ ಕೊಡುತ್ತದೆ. ಈ ಟೆಕ್ನೀಷಿಯಂ 6 ತಾಸಿಗೇ ಅರ್ಧವಾಗುವುದರಿಂದ ದಾಸ್ತಾನು ಮಾಡಿಡುವಂತಿಲ್ಲ, ವರ್ಷವಿಡೀ ಹೊಸದಾಗಿ ಮಾಡುತ್ತಲೇ ಇರಬೇಕು. ರೋಗಿಗಳ ಪಾಲಿಗೆ ಇದು ವಿದ್ಯುತ್ತಿಗಿಂತ ಕಡಿಮೆಯದಲ್ಲ.

ನಮ್ಮ ದೇಶವೂ ಹೀಗೇ ಇತ್ತು. ಟ್ರಾಂಬೆಯ 'ಅಪ್ಸರಾ' ರಿಯಾಕ್ಟರ್ 1956ರಲ್ಲೇ ಚಾಲೂ ಆಯಿತು, ತಾರಾಪುರದ ಅಣುವಿದ್ಯುತ್ ಬಂದದ್ದು 1969ರಲ್ಲಿ.

ಇನ್ನು ವಿಕಿರಣದ ಉಪಯೋಗ ಆಸ್ಪತ್ರೆಗಷ್ಟೇ ಅಲ್ಲ, ಹೊಲಕ್ಕೂ ಉಂಟು. ರೋಣ, ಗಜೇಂದ್ರಗಡದ ರೈತರಿಗೆ ಹತ್ತಿರದ ಮಾತು ಶೇಂಗಾ. ಟ್ರಾಂಬೆಯ ವಿಜ್ಞಾನಿಗಳು ಶೇಂಗಾ ಬೀಜಕ್ಕೆ ಎಕ್ಸ್-ಕಿರಣ ಹಾಯಿಸಿ, ಬದಲಾದ ಗಿಡಗಳಲ್ಲಿ ಒಳ್ಳೆಯವನ್ನು ಆರಿಸಿ, 1973ರಲ್ಲಿ ಟಿಜಿ-1 ತಳಿ ಕೊಟ್ಟರು. ಮುಂದೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜೊತೆಗೂಡಿ ದಪ್ಪ ಕಾಳಿನ ಟಿಡಿಜಿ-39 ತಂದರು. ಅಂಥ ಬೀಜದಲ್ಲಿ ವಿಕಿರಣ ಉಳಿಯುವುದಿಲ್ಲ. ಧೈರ್ಯವಾಗಿ ಬಿತ್ತಬಹುದು, ತಿನ್ನಬಹುದು.