ವಿನೋದದ ಡ್ರೋನ್ ಹಾರಾಟ ಮತ್ತು ಅದರ ನಿಯಮಗಳು

ಆಂಗ್ಲ ಭಾಷೆಯಲ್ಲಿ ‘ಡ್ರೋನ್’ ಎಂದರೆ ಗಂಡು ಜೇನು. 1935ರ ಸುಮಾರಿಗೆ ಬ್ರಿಟನ್ನಿನಲ್ಲಿ ಫಿರಂಗಿಗಳ ಗುರಿ ಅಭ್ಯಾಸಕ್ಕೆಂದು ರೇಡಿಯೋ ಸಂಕೇತದಿಂದ ಹಾರಿಸುತ್ತಿದ್ದ ಚಾಲಕರಹಿತ ವಿಮಾನಕ್ಕೆ ‘ಕ್ವೀನ್ ಬೀ’, ಎಂದರೆ ರಾಣಿ ಜೇನು, ಎಂದು ಹೆಸರಿಟ್ಟಿದ್ದರು. ಈ ಹೆಸರಿನಿಂದಲೇ ಗಂಡು ಜೇನಿನ ಹೆಸರು ರೂಢಿಗೆ ಬಂದಿತೆಂಬುದು ಪ್ರತೀತಿ. ಅದೇ ವಸ್ತು ಇಂದು ಅಂಗೈಯಗಲದ ಆಟಿಕೆಯಾಗಿ ಬಾಲಕರ ಕೈಗೆ ಬಂದಿದೆ. ಆಟಿಕೆಯೆಂಬ ಭಾವನೆಯಿಂದಲೇ ತಪ್ಪು ತಿಳಿವಳಿಕೆಗಳೂ ಹುಟ್ಟಿಕೊಂಡಿವೆ.

1934ರ ವಿಮಾನ ಅಧಿನಿಯಮವು ಗಾಳಿಪಟವನ್ನೂ ವಿಮಾನವೆಂದೇ ಎಣಿಸಿತ್ತೆಂಬ ಸಂಗತಿ ಅನೇಕರಿಗೆ ಸೋಜಿಗವಾದೀತು. 2025ರ ಜನವರಿ 1ರಿಂದ ಆ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮವು ಜಾರಿಯಲ್ಲಿದೆ. ಡ್ರೋನುಗಳಿಗೆ ಸಂಬಂಧಿಸಿದಂತೆ 2021ರ ಆಗಸ್ಟ್ ತಿಂಗಳಲ್ಲಿ ಪ್ರತ್ಯೇಕ ನಿಯಮಾವಳಿಯೇ ಹೊರಬಂದಿತು. ಅದರಂತೆ 250 ಗ್ರಾಂ ಮೀರದ ಡ್ರೋನ್ ‘ನ್ಯಾನೋ’ ವರ್ಗಕ್ಕೆ ಸೇರಿದುದು. ಅದಕ್ಕಿಂತ ಹೆಚ್ಚಾಗಿ 2 ಕಿಲೋಗ್ರಾಂವರೆಗಿನದು ‘ಮೈಕ್ರೋ’. ನ್ಯಾನೋ ಹಾರಿಸುವವನಿಗೆ ದೂರಚಾಲಕ ಪ್ರಮಾಣಪತ್ರ ಬೇಕಿಲ್ಲ. ಮೈಕ್ರೋ ವರ್ಗದ್ದನ್ನು ವಾಣಿಜ್ಯೇತರ ಉದ್ದೇಶಕ್ಕೆ ಬಳಸುವಾಗಲೂ ಬೇಕಿಲ್ಲ. ಮದುವೆ, ರಥೋತ್ಸವಗಳ ಚಿತ್ರೀಕರಣಕ್ಕೆ ಹಣ ಪಡೆದೊಡನೆ ಅದು ವಿನೋದವಾಗಿ ಉಳಿಯುವುದಿಲ್ಲ. ಆಗ ಮೈಕ್ರೋ ಡ್ರೋನಿಗೂ ಪ್ರಮಾಣಪತ್ರ ಅವಶ್ಯ. ಅದನ್ನು ಪಡೆಯಲು ಹದಿನೆಂಟು ವರ್ಷ ತುಂಬಿರಬೇಕು, ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು, ಮಾನ್ಯ ಸಂಸ್ಥೆಯಲ್ಲಿ ತರಬೇತಿಯಾಗಿರಬೇಕು. ಮೂರನೆಯವರಿಗೆ ಆಗಬಹುದಾದ ಹಾನಿಯ ವಿಮೆಯಿಂದಲೂ ನ್ಯಾನೋ ಒಂದಕ್ಕೇ ವಿನಾಯಿತಿ.

ಇಷ್ಟನ್ನು ಕೇಳಿದವರು ‘ಚಿಕ್ಕದಕ್ಕೆ ಯಾವ ಕಟ್ಟಳೆಯೂ ಇಲ್ಲ’ ಎಂದು ಭಾವಿಸುತ್ತಾರೆ. ಅದು ಸರಿಯಲ್ಲ. ನ್ಯಾನೋ ಡ್ರೋನಿಗೂ ನೋಂದಣಿಯಾಗಿ ಗುರುತಿನ ಸಂಖ್ಯೆ ದೊರೆತಿರಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ತೂಕದಿಂದ ದೊರೆಯುವ ವಿನಾಯಿತಿಯು ಚಾಲಕನಿಗೆ ಸಂಬಂಧಿಸಿದ್ದೇ ಹೊರತು ಆಕಾಶಕ್ಕೆ ಸಂಬಂಧಿಸಿದ್ದಲ್ಲ.

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮವನ್ನೇ ತೆಗೆದುಕೊಳ್ಳಬಹುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಿನ ಊರು ಇದು. ವಿದ್ಯಾನಗರದ ವಿಮಾನ ನಿಲ್ದಾಣವೂ ಹತ್ತಿರವೇ ಇದೆ. 2017ರಲ್ಲಿ ಉಡಾನ್ ಯೋಜನೆಯಡಿ ಅಲ್ಲಿಂದ ಪ್ರಯಾಣಿಕ ವಿಮಾನಗಳು ಹೊರಟವು. ನಿಯಮಾವಳಿಯು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂಬ ಮೂರು ವಲಯಗಳಾಗಿ ನಕ್ಷೆಯಲ್ಲಿ ವಿಂಗಡಿಸಿದೆ. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರಿನಿಂದ 12 ಕಿಲೋಮೀಟರಿನವರೆಗಿನ ಪ್ರದೇಶದಲ್ಲಿ ಈ ಸ್ವಾತಂತ್ರ್ಯ 60 ಮೀಟರಿಗೆ ಇಳಿಯುತ್ತದೆ. ಇನ್ನೂ ಒಳಗೆ ಬಂದರೆ ನಕ್ಷೆಯ ಬಣ್ಣ ಹಳದಿಗೋ ಕೆಂಪಿಗೋ ತಿರುಗುತ್ತದೆ. ಹಳದಿಯಲ್ಲಿ ವಾಯುಸಂಚಾರ ನಿಯಂತ್ರಣಾಧಿಕಾರಿಗಳ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದೇ ಬೇಕು. ಆದುದರಿಂದ ದೂರದ ಹೊಲದಲ್ಲಿ ಒಪ್ಪಿತವಾದ ಇನ್ನೂರು ಗ್ರಾಂನ ಆಟಿಕೆಯೇ ವಡ್ಡುವಿನ ಮನೆಯ ಮಾಳಿಗೆಯ ಮೇಲೆ ಅಪರಾಧವಾಗಬಹುದು. ಇಳಿಯುತ್ತಿರುವ ವಿಮಾನದ ಎಂಜಿನಿಗೆ ಸಿಕ್ಕಿದ ವಸ್ತುವಿನ ತೂಕವನ್ನು ಆ ಕ್ಷಣದಲ್ಲಿ ಯಾರು ತೂಗಿ ನೋಡುವರು? ನಿಯಮೋಲ್ಲಂಘನೆಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು.

ನಕ್ಷೆಯು ಶಾಶ್ವತವೂ ಅಲ್ಲ. ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ಉತ್ಸವ, ಜಾತ್ರೆ, ಗಣ್ಯರ ಭೇಟಿಗಳ ಸಂದರ್ಭದಲ್ಲಿ ಇದು ಸಂಭವನೀಯ. ನಿನ್ನೆ ಹಸಿರಾಗಿದ್ದುದು ಇಂದು ಕೆಂಪಾಗಿರಬಹುದಾದ್ದರಿಂದ ಪ್ರತಿ ಹಾರಾಟಕ್ಕೂ ಮುನ್ನ ನಕ್ಷೆಯನ್ನು ಪರಿಶೀಲಿಸುವುದು ಕಡ್ಡಾಯವಾಗಿದೆ. ಹಂಪಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ ಸಂರಕ್ಷಿತ ಸ್ಮಾರಕಗಳ ಮೇಲೆ ಡ್ರೋನ್ ಹಾರಿಸಲು ಪುರಾತತ್ತ್ವ ಇಲಾಖೆಯ ಅನುಮತಿ ಪ್ರತ್ಯೇಕವಾಗಿ ಬೇಕು. ಕಲ್ಲಿನ ರಥದ ನೆತ್ತಿಯ ಚಿತ್ರದ ಆಸೆಯಿಂದ ಬರುವ ಪ್ರವಾಸಿಗರು ಇದನ್ನು ಅರಿಯದೆ ತೊಂದರೆಗೆ ಸಿಲುಕುವುದುಂಟು.

ಹವ್ಯಾಸಿ ಸಂಘಗಳ ಸದಸ್ಯತ್ವ ಕಡ್ಡಾಯವೇ ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಭಾರತದ ನಿಯಮಾವಳಿಯಲ್ಲಿ ಅಂಥ ಷರತ್ತಿಲ್ಲ. ಅಮೆರಿಕೆಯಲ್ಲಿಯೂ ಮಾನ್ಯ ಸಂಘವೊಂದರ ಸುರಕ್ಷತಾ ಸೂತ್ರಗಳನ್ನು ಪಾಲಿಸಬೇಕು, ಕಿರುಪರೀಕ್ಷೆಯೊಂದರಲ್ಲಿ ಉತ್ತೀರ್ಣನಾಗಬೇಕು, ಸದಸ್ಯನೇ ಆಗಬೇಕೆಂದಿಲ್ಲ.

ಶಾಲೆಗಳಿಗೆ ನಿಯಮಾವಳಿಯು ತುಸು ಉದಾರವಾಗಿದೆ. ಸರ್ಕಾರದ ಮಾನ್ಯತೆಯುಳ್ಳ ವಿದ್ಯಾಸಂಸ್ಥೆಯು ಸಂಶೋಧನೆ ಮತ್ತು ಪರೀಕ್ಷೆಗಾಗಿ ತನ್ನ ಆವರಣದಲ್ಲಿ ಹಾರಿಸುವ ಡ್ರೋನಿಗೆ ನೋಂದಣಿಯಾಗಲಿ ಚಾಲಕ ಪ್ರಮಾಣಪತ್ರವಾಗಲಿ ಬೇಕಿಲ್ಲ. ವಾರ್ಷಿಕೋತ್ಸವದ ಚಿತ್ರೀಕರಣವನ್ನು ಸಂಶೋಧನೆಯೆನ್ನಲಾಗದು. ಈ ಸೌಲಭ್ಯವೂ ಹಸಿರು ವಲಯದೊಳಗೆ ಮಾತ್ರ. ವಿಮಾನ ನಿಲ್ದಾಣದ ಮಗ್ಗುಲಿನ ಶಾಲೆಯ ಉಪಾಧ್ಯಾಯರು ವಿಜ್ಞಾನ ಪ್ರದರ್ಶನಕ್ಕೆ ಸಿದ್ಧರಾಗುವ ಮೊದಲು ಆಟದ ಬಯಲಿನ ಬಣ್ಣ ಯಾವುದೆಂದು ನೋಡಿಕೊಳ್ಳಬೇಕಾಗುತ್ತದೆ. ದಾನಿಗಳು ತಮ್ಮ ಬಳಿಯಿರುವ ಡ್ರೋನನ್ನು ಶಾಲೆಗೆ ಕಾಣಿಕೆಯಾಗಿ ಕೊಡುವುದಾದರೆ, ಮಾರಾಟದಂತೆ ದಾನವನ್ನೂ ನಿಯಮಾವಳಿ ಹಸ್ತಾಂತರವೆಂದೇ ಪರಿಗಣಿಸಿದೆ. ಕೊಡುವವರ ಹಾಗೂ ಪಡೆಯುವವರ ವಿವರಗಳನ್ನೂ ಗುರುತಿನ ಸಂಖ್ಯೆಯನ್ನೂ ಸರ್ಕಾರದ ಗಣಕ ವೇದಿಕೆಯಲ್ಲಿ ದಾಖಲಿಸಬೇಕು. ಅದಾಗುವವರೆಗೆ ಶಾಲೆಯ ಕಪಾಟಿನಲ್ಲಿದ್ದರೂ ದಾಖಲೆಯಲ್ಲಿ ಅದು ದಾನಿಯದೇ.