ನುಂಗಿದ ಮೇಲೆ ಹೆಬ್ಬಾವಿನ ಒಳಗೆ ಏನಾಗುತ್ತೆ?

ಬ್ಯಾಡಗಿ ಕಡೆಯ ನಮ್ಮ ವಾಟ್ಸಾಪ್ ಗ್ರೂಪಿಗೆ ಆಗಾಗ ಒಂದೇ ಥರದ ವಿಡಿಯೋ ಬರುತ್ತೆ. ಗೋವಿನಜೋಳದ ಹೊಲದ ಬದು, ಹೊಟ್ಟೆ ಉಬ್ಬಿದ ಹೆಬ್ಬಾವು, ಸುತ್ತ ಮೂವತ್ತು ನಲವತ್ತು ಜನ. "ಆಡಿನ ಮರಿ ನುಂಗೈತಿ, ನೋಡ್ರಲೇ!" ಅಂತ ಕೂಗು. ಯಾರೋ ಕೋಲಿನಿಂದ ತಿವೀತಾರೆ. ಸ್ವಲ್ಪ ಹೊತ್ತಿಗೆ ಹಾವು ನುಂಗಿದ್ದನ್ನೆಲ್ಲ ಹೊರಗೆ ಕಾರುತ್ತೆ. ಕೆಳಗೆ ನಗುವ ಎಮೋಜಿಗಳ ಸಾಲು.

ಆ ಕಾರಿದ್ದರ ಬೆಲೆ ಗೊತ್ತಾಗಬೇಕಾದರೆ ಹೆಬ್ಬಾವಿನ ಊಟದ ಲೆಕ್ಕ ನೋಡಬೇಕು. ಅದು ಬೆನ್ನಟ್ಟಿ ಬೇಟೆಯಾಡುವ ಪ್ರಾಣಿ ಅಲ್ಲ. ಇಲಿ, ಮೊಲ ಓಡಾಡೋ ದಾರಿ ಪಕ್ಕ ಅಲ್ಲಾಡದೆ ಕಾಯುತ್ತೆ. ತುಟಿ ಮೇಲಿನ ಸಣ್ಣ ಕುಳಿಗಳು ಬಿಸಿರಕ್ತದ ಪ್ರಾಣಿಯ ಶಾಖವನ್ನು ಕತ್ತಲಲ್ಲೂ ಹಿಡಿಯುತ್ತವೆ. ಹಿಡಿದ ಮೇಲೆ ಸುತ್ತಿ ಬಿಗಿಯುತ್ತೆ. ಮೂಳೆ ಪುಡಿ ಮಾಡುತ್ತೆ, ಉಸಿರುಗಟ್ಟಿಸುತ್ತೆ ಅಂತ ನಾವೆಲ್ಲ ಕೇಳಿದ್ದೇವೆ. ಆದರೆ ಇದೇ ರೀತಿ ಸುತ್ತಿ ಕೊಲ್ಲುವ ಬೋವಾ ಹಾವುಗಳ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳಿತು. ಬಿಗಿದ ಕೆಲವೇ ಸೆಕೆಂಡಿನಲ್ಲಿ ಇಲಿಯ ರಕ್ತಸಂಚಾರವೇ ಕುಸಿಯುತ್ತೆ, ಹೃದಯ ತಾಳ ತಪ್ಪುತ್ತೆ. ಬೇಟೆಯ ಎದೆಬಡಿತ ನಿಂತಿದ್ದು ಹಾವಿಗೆ ಗೊತ್ತಾಗುತ್ತೆ, ಆಗ ಹಿಡಿತ ಬಿಡುತ್ತೆ.

ನುಂಗುವಾಗ ದವಡೆ ಕಳಚಿಕೊಳ್ಳುತ್ತೆ ಅನ್ನೋದೂ ಸುಳ್ಳು. ಕೆಳದವಡೆಯ ಎರಡು ಭಾಗ ಮುಂದೆ ಕೂಡಿಕೊಂಡಿಲ್ಲ, ನಡುವೆ ಹಿಗ್ಗುವ ಅಂಗಾಂಶ ಇದೆ, ಅಷ್ಟೇ. ಬಾಯಿ ತುಂಬಾ ಆಡಿನ ಮರಿ ಇದ್ದಾಗ ಶ್ವಾಸನಾಳದ ತುದಿಯನ್ನು ಹೊರಗೆ ಚಾಚಿ ಉಸಿರಾಡುತ್ತೆ.

ನನಗೆ ಬೆರಗು ಹುಟ್ಟಿಸಿದ್ದು ಆಮೇಲಿನದು. ನಮ್ಮ ಹೆಬ್ಬಾವಿನ ಹತ್ತಿರದ ಸಂಬಂಧಿ ಬರ್ಮಾ ಹೆಬ್ಬಾವಿನಲ್ಲಿ, ಊಟವಾದ 48 ಗಂಟೆಯೊಳಗೆ ಹೃದಯದ ಸ್ನಾಯು ಶೇಕಡಾ 40ರಷ್ಟು ಬೆಳೆದಿದ್ದನ್ನು 2005ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಕರುಳು, ಯಕೃತ್ತು ಕೂಡ ದೊಡ್ಡದಾಗುತ್ತವೆ, ಹೊಟ್ಟೆಯಲ್ಲಿ ಆಮ್ಲ ಏರುತ್ತೆ. ಜೀರ್ಣವಾದ ಮೇಲೆ ಎಲ್ಲ ಮತ್ತೆ ಕುಗ್ಗುತ್ತವೆ. ಟ್ರಾಫಿಕ್ ಇಲ್ಲದಾಗ ಸರ್ವರ್ ಆಫ್ ಮಾಡಿ, ಬೇಕಾದಾಗ ಮಾತ್ರ ಆನ್ ಮಾಡೋ ನಮ್ಮ ಕೆಲಸವೇ. ಒಂದು ಊಟಕ್ಕೂ ಇನ್ನೊಂದಕ್ಕೂ ವಾರಗಟ್ಟಲೆ ಅಂತರ ಇರೋ ಪ್ರಾಣಿಗೆ ಇದೇ ಉಳಿತಾಯ.

ಇಷ್ಟೆಲ್ಲ ನಡೆಯೋಕೆ ಬಿಸಿ ಬೇಕು. ಮೈ ತಣ್ಣಗಿದ್ದರೆ ನುಂಗಿದ್ದು ಹೊಟ್ಟೆಯಲ್ಲೇ ಕೊಳೆಯಬಹುದು. ಹಾಗಾಗಿ ಬಿಸಿಲಿಗೆ ಬಂದು ಮಲಗುತ್ತೆ, ನಮ್ಮ ಕಣ್ಣಿಗೆ ಬೀಳುತ್ತೆ. ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ ಹೆಬ್ಬಾವುಗಳು ಮುಳ್ಳುಹಂದಿ ತೋಡಿದ ಬಿಲದಲ್ಲೇ ಚಳಿಗಾಲ ಕಳೆದು, ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತವೆ. ನಮ್ಮಲ್ಲಿ ಆ ಜಾಗ ಹೊಲದ ಬದುವೇ ಆಗಬಹುದು. ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮ ಸುಮಾರು 119 ಚದರ ಕಿ.ಮೀ. ಅಷ್ಟೇ, ಅದರಾಚೆಗೆಲ್ಲ ಹೊಲ. ಕಾಡುಪ್ರಾಣಿ ಬೋರ್ಡ್ ಓದಿ ನಿಲ್ಲೋದಿಲ್ಲ.

ಆ ಹೊತ್ತಿಗೆ ಜನ ಮುತ್ತಿದರೆ ಹೊಟ್ಟೆ ತುಂಬಿದ ಹಾವಿಗೆ ಓಡೋಕಾಗಲ್ಲ. ಹಗುರಾಗಬೇಕು, ಕಾರುತ್ತೆ. ಕಾದಿದ್ದು, ಬಿಗಿದಿದ್ದು, ಹೃದಯ ಬೆಳೆಸಿದ್ದು, ಎಲ್ಲ ದಂಡ.

ಇದನ್ನೆಲ್ಲ ಹೇಳಿದಾಗ ನಮ್ಮ ಕಾಕಾ ಕೇಳಿದ್ದು ಒಂದೇ ಮಾತು: "ಅದು ಕಾರಿದ್ರೇನು, ಬಿಟ್ರೇನು? ನಮ್ಮ ಮರಿ ಎದ್ದು ಬರ್ತೈತೇನು?" ಅವರ ಸಿಟ್ಟು ಸರಿಯೇ. ನಾಲ್ಕು ಆಡು ಇರೋ ಮನೆಗೆ ಒಂದು ಮರಿ ಸಣ್ಣ ಲೆಕ್ಕ ಅಲ್ಲ. ಆದರೆ ಅದೇ ಹಾವು ಬಾಕಿ ದಿನ ತಿನ್ನೋದು ನಮ್ಮ ಹೊಲದ ಇಲಿ, ಹೆಗ್ಗಣಗಳನ್ನೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ ಇರೋದರಿಂದ ಕೊಂದರೆ ಜೈಲು ಗ್ಯಾರಂಟಿ ಅಂದೆ. ಅದಕ್ಕೆ ಮಾತ್ರ ಸ್ವಲ್ಪ ಸುಮ್ಮನಾದರು.

ಕಂಡರೆ ದೂರ ನಿಂತು, ನಾಯಿಗಳನ್ನು ಕಟ್ಟಿಹಾಕಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಹೆಬ್ಬಾವು ಹೆಚ್ಚಾಗಿ ಓಡಾಡೋದು ರಾತ್ರಿ. ಕಾಕಾ ಈಗ ದೊಡ್ಡಿಗೆ ಕೆಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹೊಡೆಸಿದ್ದಾರೆ, ಮರಿಗಳನ್ನು ಕತ್ತಲಾಗೋ ಮುಂಚೆ ಒಳಗೆ ಹಾಕ್ತಾರೆ.